ಟ್ಯಾಗೋರ್ ಬೀಚಿನ ಹಡಗು, ವಿಮಾನ: ಶೀತಲ ಸಮರ ಯಾರಿಗೆ ತಣ್ಣಗಿತ್ತು?

ಕೋಡಿಬಾಗದವ

ಕಾರವಾರದ ಟ್ಯಾಗೋರ್ ಬೀಚಿಗೆ ಹೋದವರೆಲ್ಲ ಐಎನ್‌ಎಸ್ ಚಪಲ್ ಅನ್ನೋ ಹಳೆಯ ಯುದ್ಧನೌಕೆ ನೋಡಿಯೇ ಇರುತ್ತೀರಿ. ಈಗ ಅದರ ಪಕ್ಕ ಟಿಯು-142 ವಿಮಾನವೂ ಬಂದು ಕೂತಿದೆ. ನೆಂಟರ ಮಕ್ಕಳನ್ನು ತೋರಿಸೋಕೆ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಪಿಯುಸಿ ಓದುವ ಹುಡುಗ ಒಂದು ಪ್ರಶ್ನೆ ಕೇಳಿದ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಎರಡೂ ಸೋವಿಯತ್ ಒಕ್ಕೂಟದಲ್ಲಿ ತಯಾರಾದವು. ಅರ್ಗಾದ ನೌಕಾನೆಲೆಯಲ್ಲಿ ನಿಲ್ಲುವ ವಿಕ್ರಮಾದಿತ್ಯವೂ ಅಲ್ಲಿಯದೇ. 1987ರಲ್ಲಿ ಬಾಕು ಹೆಸರಿನಲ್ಲಿ ಸೋವಿಯತ್ ನೌಕಾಪಡೆ ಸೇರಿತು, ಆಮೇಲೆ ಅಡ್ಮಿರಲ್ ಗೋರ್ಷ್ಕೊವ್ ಆಯಿತು, 2013ರಲ್ಲಿ ನಮ್ಮದಾಯಿತು. ಇವನ್ನೆಲ್ಲ ಮಾಡಿದ್ದು ಶೀತಲ ಸಮರದ ಕಾಲದಲ್ಲಿ ಅಮೆರಿಕವನ್ನು ಎದುರಿಸೋಕೆ. ಆದರೆ ಅವರಿಬ್ಬರಿಗೂ ಯುದ್ಧವೇ ಆಗಲಿಲ್ಲ. "ಹಾಗಾದ್ರೆ ಇಷ್ಟೆಲ್ಲ ಸುಮ್ನೆ ಮಾಡಿದ್ರಾ ಮಾಮಾ?" ಅಂತ ಅವನ ಪ್ರಶ್ನೆ. ಈಗ ಅಮೆರಿಕ, ಚೀನಾ ನಡುವೆ ನಡೆಯುತ್ತಿರುವುದೂ ಅದೇ ಥರದ್ದಾ? ತಿಳಿದವರು ಹೇಳಿ.

ಬೈತಖೋಲ ಬೋಟಿನವ

ಸುಮ್ನೆ ಯಾಕಾಗುತ್ತೆ? ಚಪಲ್ 71ರಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ಹಡಗು. ಹುಡುಗನಿಗೆ ಮೊದಲು ಅದನ್ನು ಹೇಳಿ.

ಅಂಕೋಲಾ ಮೇಷ್ಟ್ರು

ಬೋಟಿನವರೇ, ಈ ಮಾತು ಬೀಚಿನಲ್ಲಿ ಐಸ್‌ಕ್ರೀಮ್ ಮಾರುವವರಿಂದ ಹಿಡಿದು ಟೂರಿಸ್ಟ್ ಗೈಡ್‌ವರೆಗೆ ಎಲ್ಲರೂ ಹೇಳುತ್ತಾರೆ. ಚಪಲ್ ನಮ್ಮ ನೌಕಾಪಡೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್. ಅವು ಇದೇ ಜಾತಿಯ ಹಳೆಯ ದೋಣಿಗಳು. ಚಪಲ್ ಅವುಗಳ ತಮ್ಮ ಅನ್ನಬಹುದು.

ಮುಂದಿನ ಸಲ ಹೋದಾಗ ಚಪಲ್‌ನ ಮೇಲುಭಾಗ ನೋಡಿ. ಎರಡೂ ಬದಿಗೆ ಎರಡೆರಡು ದಪ್ಪ ಕೊಳವೆಗಳಿವೆ. ಅವುಗಳೊಳಗೆ ಪಿ-15 ಕ್ಷಿಪಣಿ ಇರುತ್ತಿತ್ತು. ಹಡಗು ಅಂದರೂ ಉದ್ದ ನಲವತ್ತು ಮೀಟರ್ ಇಲ್ಲ. ದಡದ ಹತ್ತಿರ ಕಾವಲು ಕಾಯಲೆಂದು ರಷ್ಯನ್ನರು ಮಾಡಿದ ದೋಣಿ ಇದು. ದೊಡ್ಡ ಹಡಗು ಕಟ್ಟೋಕೆ ದುಡ್ಡಿಲ್ಲದ ದೇಶಗಳಿಗೆ ಇದನ್ನು ಧಾರಾಳವಾಗಿ ಕೊಟ್ಟರು. 1967ರ ಅಕ್ಟೋಬರಿನಲ್ಲಿ ಈಜಿಪ್ಟ್ ಇದೇ ಪಿ-15 ಬಿಟ್ಟು ಇಸ್ರೇಲಿನ ಐಲಾತ್ ಅನ್ನೋ ಯುದ್ಧನೌಕೆಯನ್ನು ಮುಳುಗಿಸಿತು. ಸಣ್ಣ ದೋಣಿಯ ಕ್ಷಿಪಣಿಗೆ ಅಂಥ ಹಡಗು ಬಲಿಯಾದದ್ದು ಅದೇ ಮೊದಲು. ಜಗತ್ತಿನ ನೌಕಾಪಡೆಗಳೆಲ್ಲ ಎದ್ದು ಕೂತವು. ನಾಲ್ಕು ವರ್ಷದ ನಂತರ ಕರಾಚಿ.

ನೋಡಿ, ಸೋವಿಯತ್ ಕ್ಷಿಪಣಿ ಕೆಲಸ ಮಾಡುತ್ತೋ ಇಲ್ಲವೋ ಅನ್ನೋದು ಗೊತ್ತಾದದ್ದು ಈಜಿಪ್ಟಿನವರಿಂದ, ನಮ್ಮಿಂದ. ಮಾಡಿದವರು ಮನೆಯಲ್ಲಿ ಕೂತು ವರದಿ ಓದಿದರು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಸುಮ್ಮನೆ ಮಾಡಲಿಲ್ಲ, ಬೇರೆಯವರ ಕೈಯಲ್ಲಿ ಬಳಸಿದರು.

ಕುಮಟಾ ಡಿಗ್ರಿ ಹುಡುಗ

ಮೇಷ್ಟ್ರೇ, ಉಳಿದರ್ಧ ಅಣುಬಾಂಬು ಅಲ್ವಾ? ಇಬ್ಬರ ಹತ್ತಿರವೂ ಇತ್ತು, ಅದಕ್ಕೇ ಯಾರೂ ಕೈ ಎತ್ತಲಿಲ್ಲ. ನಮ್ಮ ಕ್ಲಾಸಿನಲ್ಲಿ ಹೀಗೇ ಹೇಳಿದ್ದಾರೆ. ಭಯವೇ ಶಾಂತಿ ಕಾಪಾಡಿತು.

ಅಂಕೋಲಾ ಮೇಷ್ಟ್ರು

ತಮ್ಮಾ, ಪರೀಕ್ಷೆಗೆ ಹಾಗೇ ಬರಿ, ಮಾರ್ಕ್ಸ್ ಸಿಗುತ್ತೆ. ಆದರೆ ಎರಡು ವಿಷಯ ತಲೆಯಲ್ಲಿರಲಿ.

ಕೈ ಎತ್ತಲೇ ಇಲ್ಲ ಅನ್ನೋದು ನಿಜವಲ್ಲ. 1950ರಿಂದ 53ರವರೆಗಿನ ಕೊರಿಯಾ ಯುದ್ಧದಲ್ಲಿ ಸೋವಿಯತ್ ಪೈಲಟ್‌ಗಳೇ ಮಿಗ್-15 ಹಾರಿಸಿ ಅಮೆರಿಕನ್ ವಿಮಾನಗಳ ಜೊತೆ ಕಾದಾಡಿದರು. ವಿಮಾನದ ಮೇಲೆ ಬೇರೆ ದೇಶದ ಗುರುತು. ಅಮೆರಿಕಕ್ಕೂ ಇದು ಗೊತ್ತಿತ್ತು. ಬಾಯಿ ಬಿಟ್ಟರೆ ಜನ ದೊಡ್ಡ ಯುದ್ಧ ಮಾಡಿ ಅಂತಾರೆ ಅಂತ ಅವರೂ ಸುಮ್ಮನಿದ್ದರು. ಇಬ್ಬರೂ ಸೇರಿ ಮುಚ್ಚಿಟ್ಟ ಜಗಳ ಅದು.

ಇನ್ನೊಂದು, ಭಯ ಅನ್ನೋದು ತಾನಾಗಿ ಕೆಲಸ ಮಾಡಲ್ಲ. 1962ರ ಅಕ್ಟೋಬರ್ 27. ಕ್ಯೂಬಾದಲ್ಲಿ ಸೋವಿಯತ್ತಿನವರು ಅಣು ಕ್ಷಿಪಣಿ ಇಟ್ಟದ್ದಕ್ಕೆ ಅಮೆರಿಕ ತಿರುಗಿಬಿದ್ದ ಬಿಕ್ಕಟ್ಟಿನ ಅತಿ ಕೆಟ್ಟ ದಿನ. ಬಿ-59 ಅನ್ನೋ ಸೋವಿಯತ್ ಸಬ್‌ಮರೀನ್ ನೀರಿನಡಿ ಸಿಕ್ಕಿಬಿದ್ದಿದೆ. ಮೇಲಿಂದ ಅಮೆರಿಕನ್ ಹಡಗುಗಳು ಅದನ್ನು ಮೇಲೇಳಿಸಲು ಸಣ್ಣ ಸಿಡಿಗುಂಡು ಹಾಕುತ್ತಿವೆ. ಒಳಗೆ ಬ್ಯಾಟರಿ ಮುಗಿಯುತ್ತಾ ಬಂದಿದೆ, ಗಾಳಿ ಕೆಟ್ಟಿದೆ, ಕುಲುಮೆಯಂಥ ಸೆಕೆ. ಮಾಸ್ಕೋದ ಜೊತೆ ಸಂಪರ್ಕವಿಲ್ಲ. ಮೇಲೆ ಯುದ್ಧ ಶುರುವಾಗಿದೆಯೋ ಏನೋ ಗೊತ್ತಿಲ್ಲ. ಅದರಲ್ಲಿ ಒಂದು ಅಣು ಟಾರ್ಪೆಡೊ ಇತ್ತು. ಅದು ಅಮೆರಿಕನ್ನರಿಗೆ ಗೊತ್ತೇ ಇರಲಿಲ್ಲ! ಕ್ಯಾಪ್ಟನ್ ಸಾವಿಟ್‌ಸ್ಕಿ ಸಿಟ್ಟಿನಲ್ಲಿ ಅದನ್ನು ಸಿದ್ಧ ಮಾಡಲು ಹೇಳಿದ. ವಾಸಿಲಿ ಅರ್ಖಿಪೊವ್ ಅನ್ನೋ ಅಧಿಕಾರಿ ಒಪ್ಪದೆ, ಸಮಾಧಾನ ಮಾಡಿ, ಮೇಲೇಳಿಸಿದ. ಎದುರಿಗಿರುವವನ ಹತ್ತಿರ ಬಾಂಬಿದೆ ಅಂತ ಗೊತ್ತಿದ್ದರೆ ತಾನೇ ಭಯ ಹುಟ್ಟೋದು?

ಅದು ಫಾಕ್ಸ್‌ಟ್ರಾಟ್ ಜಾತಿಯ ಸಬ್‌ಮರೀನ್. ನಾವೂ ಅದೇ ಜಾತಿಯದನ್ನು ಕೊಂಡಿದ್ದೆವು, 1967ರಲ್ಲಿ ನೌಕಾಪಡೆ ಸೇರಿದ ಮೊದಲ ಕಲ್ವರಿ ಅದೇ. ವಿಶಾಖಪಟ್ಟಣದ ಬೀಚಿನಲ್ಲಿ ಕುರ್ಸುರಾ ಮ್ಯೂಸಿಯಂ ಇದೆಯಲ್ಲ, ಅದರೊಳಗೆ ತಲೆ ಬಗ್ಗಿಸಿ ಹೋಗಿ ಬಂದರೆ ಆ ಜಾಗ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತೆ.

1983ರ ಸೆಪ್ಟೆಂಬರ್ 26ರದ್ದೂ ಅಂಥದ್ದೇ. ಅಮೆರಿಕ ಐದು ಕ್ಷಿಪಣಿ ಬಿಟ್ಟಿದೆ ಅಂತ ಸೋವಿಯತ್ ಯಂತ್ರ ಹೇಳಿತು. ಡ್ಯೂಟಿಯಲ್ಲಿದ್ದ ಅಧಿಕಾರಿ ಪೆಟ್ರೊವ್ ನಂಬಲಿಲ್ಲ. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು.

ಶಿರಸಿಯ ಅಕ್ಕ

ಗಂಡಸರೆಲ್ಲ ಹಡಗು, ಸಬ್‌ಮರೀನ್ ಅಂತಲೇ ಕೂತಿದ್ದೀರಿ. ಘಟ್ಟದ ಮೇಲೆ ನಮಗೆ ಈ ಸಮರ ಬಂದದ್ದು ತಟ್ಟೆಯಲ್ಲಿ. ಶಾಲೆಯಲ್ಲಿ ಹಳದಿ ಉಪ್ಪಿಟ್ಟು ತಿಂದವರು ಇಲ್ಲಿ ಎಷ್ಟು ಜನ ಇದ್ದೀರಿ? ಅಮೆರಿಕದಿಂದ ಕೇರ್ ಸಂಸ್ಥೆ ಕಳಿಸುತ್ತಿದ್ದ ಹಿಟ್ಟು. ಪುಸ್ತಕಕ್ಕೆ ಬೈಂಡ್ ಹಾಕಲು ಮಾತ್ರ ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆ. ಗೋಧಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವ, ಕೆಂಪು ಕೆನ್ನೆಯ ಹೆಂಗಸಿನ ಚಿತ್ರ ನನ್ನ ಗಣಿತ ಪುಸ್ತಕದ ಮೇಲಿತ್ತು. ಹೊಟ್ಟೆ ಒಬ್ಬರ ಕಡೆ, ಪುಸ್ತಕ ಒಬ್ಬರ ಕಡೆ. ನಮಗೇನೂ ತೊಂದರೆ ಆಗಲಿಲ್ಲ ಅನ್ನಿ.

ಆದರೆ ಅಮೆರಿಕದ ಗೋಧಿ ಪುಕ್ಕಟೆ ಬರಲಿಲ್ಲ. 1965, 66ರ ಬರಗಾಲದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಪಿಎಲ್-480 ಅನ್ನೋ ಆಹಾರ ನೆರವಿನ ಕಾನೂನಿನಡಿ ಬರುವ ಗೋಧಿಯನ್ನು ಒಟ್ಟಿಗೆ ಕೊಡದೆ ಸ್ವಲ್ಪ ಸ್ವಲ್ಪವೇ ಬಿಟ್ಟರು. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಟೀಕೆ ಮಾಡುತ್ತಿದ್ದದ್ದೂ ಅವರ ಸಿಟ್ಟಿಗೆ ಒಂದು ಕಾರಣ.

ಇನ್ನೊಂದು ವಿಷಯ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಗುರುತಿಸಿದರು. ಆ ಕೇಂದ್ರಕ್ಕೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿತ್ತು. ವೈರಸ್ ನೋಡಿದರೆ ರಷ್ಯಾದ ಕಾಡಿನಲ್ಲಿ ಉಣ್ಣೆ ಹುಳ ಕಚ್ಚಿ ಬರುವ ಒಂದು ಜ್ವರದ ಬಳಗದ್ದು. ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆ ತಂದಿತಾ ಅಂತ ಅನುಮಾನ ಬಂತು. ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ನೋಡುವ ಕೆಲಸ ಶುರುವಾಯಿತು. ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅದರಲ್ಲಿತ್ತು. ಆ ಹಕ್ಕಿ ಕೆಲಸಕ್ಕೆ ಆಮೇಲೆ ಅಮೆರಿಕದ ಸೇನೆಯ ದುಡ್ಡೂ ಬಂತು. ಗೊತ್ತಾದ ಮೇಲೆ ಗಲಾಟೆಯೋ ಗಲಾಟೆ. ರೋಗಾಣು ಯುದ್ಧಕ್ಕೆ ನಮ್ಮ ದೇಶದಲ್ಲಿ ಪ್ರಯೋಗ ನಡೆಯುತ್ತಿದೆಯಾ ಅಂತ ಕೇಳಿದರು. 1975ರಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಸಂಶೋಧನೆಗಳ ಬಗ್ಗೆ ವರದಿಯನ್ನೇ ಕೊಟ್ಟಿತು. ಇಲ್ಲಿಯದೇ ಕಾಡಿನ ವೈರಸ್, ಇಲ್ಲಿಯದೇ ಉಣ್ಣೆ. ಸಿದ್ದಾಪುರದ ಕಡೆ ಈಗಲೂ ಬೇಸಿಗೆ ಬಂತೆಂದರೆ ಕಾಡಿಗೆ ಸೊಪ್ಪು ತರಲು ಹೋಗುವವರು ಮೈಗೆ ಎಣ್ಣೆ ಸವರಿಕೊಂಡೇ ಹೋಗಬೇಕು. ಅಮೆರಿಕ, ರಷ್ಯಾ ಹೆಸರು ತೆಗೆದುಕೊಂಡು ಅಷ್ಟು ಕೂಗಾಡಿದವರಿಗೆ ಈ ಜನರ ನೆನಪು ಎಷ್ಟಿತ್ತೋ!

ಕೋಡಿಬಾಗದವ

ಅಕ್ಕಾ, ಮಂಗನ ಕಾಯಿಲೆಗೂ ಶೀತಲ ಸಮರಕ್ಕೂ ನಂಟು ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಸದಾಶಿವಗಡ

ಕಾರವಾರದಲ್ಲಿ ಕೂತು ಅಂಜದೀವದ ಹೆಸರೇ ಎತ್ತಲಿಲ್ಲವಲ್ಲ ಮಾರಾಯ್ರೆ! ಬಿಣಗಾ ಕಡೆಯಿಂದ ಕಣ್ಣಿಗೆ ಕಾಣುವ ನಡುಗಡ್ಡೆ. 1961ರ ತನಕ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷ ನವೆಂಬರಿನಲ್ಲಿ ಅಲ್ಲಿಂದ ನಮ್ಮ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ಕ್ಕೆ ತ್ರಿಶೂಲ್, ಮೈಸೂರು ಹಡಗುಗಳು ಅಂಜದೀವಕ್ಕೆ ಹೋದವು. ನಮ್ಮ ಏಳು ನಾವಿಕರು ಅಲ್ಲಿ ತೀರಿಕೊಂಡರು. ಮರುದಿನ ದ್ವೀಪ ನಮ್ಮದಾಯಿತು.

ಅದೇ 18ನೇ ತಾರೀಕು ನ್ಯೂಯಾರ್ಕಿನ ಭದ್ರತಾ ಮಂಡಳಿಯಲ್ಲಿ ಏನಾಯಿತು? ಭಾರತ ಗೋವಾದಿಂದ ಸೇನೆ ಹಿಂದಕ್ಕೆ ಕರೆಸಿಕೊಳ್ಳಬೇಕು ಅಂತ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ಗೊತ್ತುವಳಿ ತಂದರು. ಪರವಾಗಿ ಏಳು ಮತ, ವಿರೋಧ ನಾಲ್ಕು. ಲೆಕ್ಕಕ್ಕೆ ನಾವು ಸೋತೆವು. ಆ ನಾಲ್ಕರಲ್ಲಿ ಒಂದು ಸೋವಿಯತ್ ವೀಟೊ, ಅಂದರೆ ಒಬ್ಬರೇ ಬೇಡ ಅಂದು ತಡೆಯುವ ಮತ ಆಗಿತ್ತು, ಗೊತ್ತುವಳಿ ಬಿದ್ದುಹೋಯಿತು.

ಅಮೆರಿಕಕ್ಕೆ ಪೋರ್ಚುಗಲ್ ಮೇಲೆ ಯಾಕಷ್ಟು ಮಮಕಾರ? ಪೋರ್ಚುಗಲ್ ಅಮೆರಿಕದ ಸೇನಾಕೂಟ ನ್ಯಾಟೊದ ಸದಸ್ಯ. ಅಟ್ಲಾಂಟಿಕ್ ಮಧ್ಯದ ಅಜೋರ್ಸ್ ದ್ವೀಪದಲ್ಲಿ ಅಮೆರಿಕನ್ ವಿಮಾನಗಳಿಗೆ ನೆಲೆ ಕೊಟ್ಟಿತ್ತು. ಆ ನೆಲೆ ಕೈತಪ್ಪಬಾರದು. ಸೋವಿಯತ್ತಿಗೆ ನಮ್ಮ ಮೇಲೆ ಯಾಕೆ ಪ್ರೀತಿ? ಅಮೆರಿಕಕ್ಕೆ ಮುಖಭಂಗ ಆಗಬೇಕು. 1955ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಇಲ್ಲಿಗೆ ಬಂದು ಗೋವಾ ನಿಮ್ಮದೇ ಅಂತ ಹೇಳಿ ಹೋಗಿದ್ದರು. ಅದೇ ಹೊತ್ತಿಗೆ ಅಮೆರಿಕದ ವಿದೇಶಾಂಗ ಮಂತ್ರಿ ಡಲ್ಲೆಸ್, ಗೋವಾ ಪೋರ್ಚುಗಲ್‌ನ ಪ್ರಾಂತ ಅನ್ನೋ ಹೇಳಿಕೆಗೆ ಸಹಿ ಹಾಕಿದ್ದರು. ಕಾಳಿ ನದಿ ದಾಟಿದರೆ ಸಿಗುವ ಗಡಿಯ ಬಗ್ಗೆ ಇವರಿಬ್ಬರ ಪಂಚಾಯ್ತಿ.

ಕುಮಟಾ ಡಿಗ್ರಿ ಹುಡುಗ

ಇಷ್ಟೆಲ್ಲ ಇದ್ದಮೇಲೂ ಅಲಿಪ್ತ ನೀತಿ ಅಂತ ಹೇಳಿಕೊಂಡದ್ದು ಸುಳ್ಳಲ್ವಾ? ಸೀದಾ ಸೋವಿಯತ್ ಕಡೆ ಇದ್ದೆವು ಅಂತ ಒಪ್ಪಿಕೊಳ್ಳಬಹುದಿತ್ತು.

ಶಿರಸಿಯ ಅಕ್ಕ

ಭಿಲಾಯಿ ಉಕ್ಕಿನ ಕಾರ್ಖಾನೆ ಸೋವಿಯತ್ ನೆರವಿನಿಂದ ಬಂತು. ಕಾನ್ಪುರದ ಐಐಟಿ ಅಮೆರಿಕದ ನೆರವಿನಿಂದ. 1962ರಲ್ಲಿ ಚೀನಾ ಮೇಲೆ ಬಿದ್ದಾಗ ಆಯುಧ ಕಳಿಸಿದ್ದು ಅಮೆರಿಕ, ಬ್ರಿಟನ್. ಸೋವಿಯತ್ತಿನವರು ಆಗ ಕ್ಯೂಬಾ ಗಲಾಟೆಯಲ್ಲಿದ್ದರು, ಚೀನಾವನ್ನು ಎದುರು ಹಾಕಿಕೊಳ್ಳಲು ಮನಸ್ಸಿರಲಿಲ್ಲ. ಒಂದೇ ಕಡೆ ಹೋಗಿ ಕೂತಿದ್ದರೆ ಆ ದಿನ ಯಾರ ಬಾಗಿಲು ತಟ್ಟುತ್ತಿದ್ದೆವು? ಇಬ್ಬರ ಹತ್ತಿರವೂ ಕೆಲಸ ಮಾಡಿಸಿಕೊಂಡರು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಸದಾಶಿವಗಡ

ಅಕ್ಕ ಹೇಳಿದ್ದು 71ರ ತನಕ ಸರಿ. ಆ ವರ್ಷ ಆಗಸ್ಟ್ 9ರಂದು ಸೋವಿಯತ್ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಅಲಿಪ್ತ ಅನ್ನೋದು ಹೆಸರಿಗೆ ಮಾತ್ರ. ಆದರೆ ಬೇರೆ ದಾರಿ ಇತ್ತಾ? ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಅಮೆರಿಕ ಎಂಟರ್‌ಪ್ರೈಸ್ ವಿಮಾನವಾಹಕವನ್ನೇ ಬಂಗಾಳ ಕೊಲ್ಲಿಗೆ ಕಳಿಸಿತು. ಹಿಂದೆಯೇ ವ್ಲಾಡಿವೊಸ್ಟಾಕ್‌ನಿಂದ ಸೋವಿಯತ್ ಹಡಗುಗಳು ಬಂದವು. ಒಂದು ಗುಂಡೂ ಹಾರಲಿಲ್ಲ. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನ ಶರಣಾಯಿತು.

ಕೈಗಾ ನಿವೃತ್ತ

ಇಬ್ಬರ ಜಗಳದಲ್ಲಿ ನಮಗೆ ಲಾಭ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅವರಿಬ್ಬರೂ ಒಂದಾದ ಕಥೆಯೂ ಇದೆ. 1974ರಲ್ಲಿ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಮಾಡಿದೆವು. ರಾಜಸ್ಥಾನದ ರಿಯಾಕ್ಟರಿಗೆ ನೆರವು ಕೊಡುತ್ತಿದ್ದ ಕೆನಡಾ ಕೈಬಿಟ್ಟಿತು. ಅಣು ಸಾಮಗ್ರಿ ಯಾರಿಗೆ ಕೊಡಬೇಕು, ಕೊಡಬಾರದು ಅಂತ ತೀರ್ಮಾನಿಸಲು ಲಂಡನ್ನಿನಲ್ಲಿ ಏಳು ದೇಶಗಳು ಸೇರಿದವು. ಅದರಲ್ಲಿ ಅಮೆರಿಕವೂ ಇತ್ತು, ಸೋವಿಯತ್ ಒಕ್ಕೂಟವೂ ಇತ್ತು! ಹೆಚ್ಚಿನ ವಿಷಯಗಳಿಗೆ ಒಪ್ಪದವರು ಮೂರನೆಯವನಿಗೆ ಬಾಗಿಲು ಹಾಕೋದರಲ್ಲಿ ಒಪ್ಪಿದರು.

ಆಮೇಲೆ ಪಂಪು, ವಾಲ್ವು, ಭಾರಜಲ ಎಲ್ಲ ನಾವೇ ಮಾಡಿಕೊಳ್ಳಬೇಕಾಯಿತು. ವರ್ಷಗಟ್ಟಲೆ ತಡವಾಯಿತು, ಖರ್ಚೂ ಏರಿತು. ಕೈಗಾದ ಮೊದಲ ಎರಡು ಘಟಕ ವಾಣಿಜ್ಯವಾಗಿ ವಿದ್ಯುತ್ ಕೊಡಲು ಶುರುಮಾಡಿದ್ದು 2000ದಲ್ಲಿ. ಅದೇ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ಬೇಡ ಅಂದವರಿಂದಲೇ ಕಲಿತೆವು ಅಂತ ಭಾಷಣ ಮಾಡೋದು ಸುಲಭ. ಆ ತಡದ ವರ್ಷಗಳಲ್ಲಿ ಹಳ್ಳಿಗಳಲ್ಲಿ ಕರೆಂಟಿಲ್ಲದೆ ಕೂತವರೂ ಇದ್ದರು.

ಬೈತಖೋಲ ಬೋಟಿನವ

ನನ್ನ ತಲೆಗೆ ಹತ್ತಿದ್ದು ಸಬ್‌ಮರೀನ್ ಕಥೆ. ಮೇಲಿನವನಿಗೆ ಕೆಳಗಿನವನ ಮಾತು ಕೇಳಲ್ಲ. ನಮ್ಮಲ್ಲೂ ಅಷ್ಟೇ. ಗೋವಾದ ಬೋಟು, ಮಲ್ಪೆ ಬೋಟು, ನಮ್ಮ ಪರ್ಸೀನ್ ಬಲೆ ಬೋಟು ಎಲ್ಲ ಒಂದೇ ಬಂಗಡೆ ಹಿಂಡಿನ ಮೇಲೆ ಬಿದ್ದಾಗ ಬೈಗುಳ ಜೋರಿರುತ್ತೆ, ಬೋಟು ಅಡ್ಡ ಹಾಕ್ತಾರೆ. ಆದರೆ ಬೋಟು ನಡೆಸೋ ತಾಂಡೇಲ ತಾಂಡೇಲರ ಹತ್ತಿರ ವೈರ್‌ಲೆಸ್‌ನಲ್ಲಿ ಮಾತು ನಡೀತಾ ಇದ್ದರೆ ಬಲೆ ಹರಿಯೋದರೊಳಗೆ ಮುಗಿಯುತ್ತೆ. ಸೆಟ್ ಆಫ್ ಮಾಡಿ ಕೂತವನೇ ಡೇಂಜರ್. ಈ ದೊಡ್ಡ ದೇಶದವರಿಗೆ ಹಾಗೇನೂ ಇರಲಿಲ್ವಾ?

ಅಂಕೋಲಾ ಮೇಷ್ಟ್ರು

ಒಳ್ಳೇ ಜಾಗಕ್ಕೆ ಕೈ ಹಾಕಿದಿರಿ. ಕ್ಯೂಬಾ ಸಮಯದಲ್ಲಿ ಮಾಸ್ಕೋದ ಸಂದೇಶ ವಾಷಿಂಗ್ಟನ್ ತಲುಪಿ, ಅನುವಾದವಾಗಿ, ಓದೋಕೆ ಗಂಟೆಗಟ್ಟಲೆ ಬೇಕಾಗುತ್ತಿತ್ತು. ಬೆವರಿದ ಮೇಲೆ ಬುದ್ಧಿ ಬಂತು. 1963ರಲ್ಲಿ ಹಾಟ್‌ಲೈನ್ ಹಾಕಿದರು. ಸಿನಿಮಾದಲ್ಲಿ ತೋರಿಸುವ ಕೆಂಪು ಫೋನು ಅಲ್ಲ, ಟೆಲಿಪ್ರಿಂಟರ್. ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಮಾತಾಡಬಾರದು, ಬರೆದೇ ಕಳಿಸಬೇಕು ಅಂತ.

ನಿಮಗೆ ಬೇಕಾದದ್ದು 1972ರ ಮೇ 25ರದ್ದು. ಸಮುದ್ರದಲ್ಲಿ ಅವಘಡ ತಡೆಯಲು ಇಬ್ಬರೂ ಒಪ್ಪಂದ ಮಾಡಿಕೊಂಡರು. ಒಬ್ಬರ ಹಡಗಿನತ್ತ ಇನ್ನೊಬ್ಬರು ಬಂದೂಕು, ಕ್ಷಿಪಣಿ ಗುರಿಯಿಟ್ಟು ಆಟ ಆಡಬಾರದು, ವಿಮಾನ ಇಳಿಯುವ ಹೊತ್ತಿನಲ್ಲಿ ಅಡ್ಡ ಬರಬಾರದು, ಏನು ಮಾಡುತ್ತೇವೆ ಅಂತ ಸಿಗ್ನಲ್ ಕೊಡಬೇಕು. ವರ್ಷಕ್ಕೊಮ್ಮೆ ಎರಡೂ ನೌಕಾಪಡೆಯವರು ಕೂತು ದೂರು ಹೇಳಿಕೊಳ್ಳಬೇಕು. ಅದಾದ ಮೇಲೂ 1988ರ ಫೆಬ್ರವರಿಯಲ್ಲಿ ಕಪ್ಪು ಸಮುದ್ರದಲ್ಲಿ ಸೋವಿಯತ್ ಹಡಗುಗಳು ಬೇಕಂತಲೇ ಯಾರ್ಕ್‌ಟೌನ್, ಕ್ಯಾರನ್ ಅನ್ನೋ ಅಮೆರಿಕನ್ ಹಡಗುಗಳಿಗೆ ಮೈ ತಾಗಿಸಿದವು. ತಗಡು ನೆಗ್ಗಿತು, ಗುಂಡು ಹಾರಲಿಲ್ಲ.

ಅದಕ್ಕೇ ಈಗಿನ ಅಮೆರಿಕ, ಚೀನಾ ಜಗಳ ನನಗೆ ಹಳೆಯದಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತೆ. 2001ರ ಏಪ್ರಿಲ್ 1ರಂದು ಹೈನಾನ್ ಹತ್ತಿರ ಇಬ್ಬರ ವಿಮಾನ ಡಿಕ್ಕಿಯಾಗಿ ಚೀನಾದ ಪೈಲಟ್ ಸತ್ತ, 24 ಜನ ಅಮೆರಿಕನ್ನರು 11 ದಿನ ಚೀನಾದಲ್ಲಿ ಸೆರೆಯಲ್ಲಿದ್ದರು. 2023ರ ಫೆಬ್ರವರಿಯಲ್ಲಿ ಅಮೆರಿಕ ಚೀನಾದ ಬಲೂನ್ ಹೊಡೆದು ಕೆಡವಿತು. ಆಗ ಅಮೆರಿಕದ ರಕ್ಷಣಾ ಮಂತ್ರಿ ಫೋನ್ ಮಾಡಿದರೆ ಚೀನಾದವರು ಮಾತಿಗೇ ಬರಲಿಲ್ಲ. ಸೇನೆಗಳ ನಡುವಿನ ಮಾತುಕತೆ ಮತ್ತೆ ಶುರುಮಾಡೋಣ ಅಂತ ಒಪ್ಪಿದ್ದು ಅದೇ ವರ್ಷ ನವೆಂಬರಿನಲ್ಲಿ, ಎರಡೂ ದೇಶಗಳ ಅಧ್ಯಕ್ಷರು ಬೈಡನ್ ಮತ್ತು ಷಿ ಭೇಟಿಯಾದಾಗ. ರಷ್ಯನ್ನರು ಬೈದುಕೊಂಡಾದರೂ ಫೋನ್ ಎತ್ತುತ್ತಿದ್ದರು. ಚೀನಾಕ್ಕೆ ಫೋನ್ ಎತ್ತದೇ ಇರೋದೂ ಒಂದು ಆಯುಧ.

ಕುಮಟಾ ಡಿಗ್ರಿ ಹುಡುಗ

ಆದರೆ ಮೇಷ್ಟ್ರೇ, ಅಮೆರಿಕ ಮತ್ತು ಸೋವಿಯತ್ ನಡುವೆ ವ್ಯಾಪಾರ ತುಂಬಾ ಕಡಿಮೆ ಇತ್ತು. ಚೀನಾ ಇಲ್ಲದೆ ಅಮೆರಿಕದ ಅಂಗಡಿ ತುಂಬಲ್ಲ. 2022ರ ಅಕ್ಟೋಬರಿನಲ್ಲಿ ಅಮೆರಿಕ ಒಳ್ಳೆಯ ಚಿಪ್‌ಗಳನ್ನು ಚೀನಾಕ್ಕೆ ಕೊಡೋದು ನಿಲ್ಲಿಸಿತು. 2025ರ ಏಪ್ರಿಲಿನಲ್ಲಿ ಸುಂಕ 145 ಶೇಕಡಾಕ್ಕೆ ಏರಿಸಿತು. ಚೀನಾ 125 ಹಾಕಿತು, ಜೊತೆಗೆ ಕೆಲವು ವಿರಳ ಲೋಹಗಳಿಗೆ ಬೀಗ ಹಾಕಿತು. ಕಾರಿನ ಮೋಟರಿಗೂ ಕ್ಷಿಪಣಿಗೂ ಆ ಲೋಹದ ಆಯಸ್ಕಾಂತ ಬೇಕು. ಮೇ ತಿಂಗಳಿಗೆ ಇಬ್ಬರೂ ಸುಂಕ ಇಳಿಸಿದರು. ಕಿಸೆಗೆ ಬಿಸಿ ತಟ್ಟಿದರೆ ಬಾಂಬಿಗಿಂತ ಬೇಗ ಬುದ್ಧಿ ಬರುತ್ತೆ.

ಶಿರಸಿಯ ಅಕ್ಕ

ಬುದ್ಧಿ ಅವರಿಗೆ ಬರುತ್ತೆ ತಮ್ಮಾ, ಬರೆ ಬೀಳೋದು ಬೇರೆಯವರಿಗೆ. ಅದೇ ವರ್ಷ ಆಗಸ್ಟಿನಲ್ಲಿ ರಷ್ಯಾದ ಎಣ್ಣೆ ಕೊಳ್ಳುತ್ತೀರಿ ಅಂತ ನಮ್ಮ ಮೇಲೆ 25 ಶೇಕಡಾ ಹೆಚ್ಚುವರಿ ಸುಂಕ ಬಿತ್ತು, ಒಟ್ಟು 50. ಅಮೆರಿಕಕ್ಕೆ ಹೋಗುವ ಸಿಗಡಿಗೆ ದೊಡ್ಡ ಪೆಟ್ಟು.

ಮತ್ತೆ ಆ ಟಿಯು-142 ವಿಷಯ. ಅಮೆರಿಕನ್ ಸಬ್‌ಮರೀನ್ ಹುಡುಕಲು ರಷ್ಯಾ ಮಾಡಿದ ವಿಮಾನ ಅದು. 1988ರಿಂದ ನಮ್ಮಲ್ಲಿ ಹಾರಿತು, 2017ರಲ್ಲಿ ನಿವೃತ್ತಿ. ಅದರ ಜಾಗಕ್ಕೆ ಬಂದದ್ದು ಅಮೆರಿಕದ ಬೋಯಿಂಗ್ ಮಾಡಿದ ಪಿ-8ಐ! ಅದು ಹಿಂದೂ ಮಹಾಸಾಗರದಲ್ಲಿ ಈಗ ಮುಖ್ಯವಾಗಿ ಚೀನಾದ ಸಬ್‌ಮರೀನ್‌ಗಳ ಮೇಲೆ ಕಣ್ಣಿಡುತ್ತೆ. ಇದನ್ನೂ ಆ ಹುಡುಗನಿಗೆ ಹೇಳಿ, ನಕ್ಕರೂ ನಗಬಹುದು.

ಕೋಡಿಬಾಗದವ

ಹೇಳಿದೆ ಅಕ್ಕಾ. ನಗಲಿಲ್ಲ. "ಹಾಗಾದ್ರೆ ಮುಂದೆ ಬೀಚಿಗೆ ಪಿ-8ಐ ಬರುತ್ತಾ?" ಅಂದ.

ಬೈತಖೋಲ ಬೋಟಿನವ

ಮೇಷ್ಟ್ರೇ, ಚೀನಾ, ಅಮೆರಿಕ ನಡುವೆ ಆ 72ರ ಥರದ ಸಮುದ್ರದ ನಿಯಮ ಒಂದೂ ಇಲ್ವಾ?

ಅಂಕೋಲಾ ಮೇಷ್ಟ್ರು

ಇದೆ. 2014ರಲ್ಲಿ ಚೀನಾದ ಚಿಂಗ್‌ದಾವ್‌ನಲ್ಲಿ ಸುಮಾರು ಇಪ್ಪತ್ತು ದೇಶಗಳ ನೌಕಾಪಡೆಗಳು ಸೇರಿ ಒಂದು ನಿಯಮಾವಳಿ ಒಪ್ಪಿದವು. ಅಮೆರಿಕ, ಚೀನಾ ಎರಡೂ ಅದರಲ್ಲಿವೆ. ಎದುರಾದಾಗ ಯಾವ ಸಿಗ್ನಲ್, ಯಾವ ಮಾತು ಅಂತ ಬರೆದಿದ್ದಾರೆ. ಆದರೆ ಅದು ಕಡ್ಡಾಯವಲ್ಲ. ಅನ್ವಯವಾಗೋದು ನೌಕಾಪಡೆಯ ಹಡಗು, ವಿಮಾನಗಳಿಗೆ ಮಾತ್ರ. ದಕ್ಷಿಣ ಚೀನಾ ಸಮುದ್ರದಲ್ಲಿ ಮುಂದೆ ನಿಲ್ಲೋದು ಚೀನಾದ ಕೋಸ್ಟ್‌ಗಾರ್ಡ್ ಮತ್ತು ಮೀನುಗಾರಿಕೆ ಬೋಟುಗಳು. 2021ರ ಮಾರ್ಚ್‌ನಲ್ಲಿ ವಿಟ್ಸನ್ ದಿಬ್ಬದ ಹತ್ತಿರ ಅಂಥ 220 ಬೋಟು ಸಾಲಾಗಿ ನಿಂತಿದ್ದವು ಅಂತ ಫಿಲಿಪೀನ್ಸ್ ಹೇಳಿತು. ಹೆಚ್ಚಿನವು ಮೀನು ಹಿಡಿಯುತ್ತಲೇ ಇರಲಿಲ್ಲವಂತೆ. 2024ರ ಜೂನ್‌ನಲ್ಲಿ ಚೀನಾ ಕೋಸ್ಟ್‌ಗಾರ್ಡ್‌ನವರು ಚಾಕು, ಕೊಡಲಿ ಹಿಡಿದು ಫಿಲಿಪೀನ್ಸ್‌ನ ದೋಣಿ ಮೇಲೆ ಬಿದ್ದರು. ಒಬ್ಬ ನಾವಿಕನ ಹೆಬ್ಬೆರಳೇ ಹೋಯಿತು. ಫಿಲಿಪೀನ್ಸ್ ಮೇಲೆ ದಾಳಿಯಾದರೆ ಅಮೆರಿಕ ಬರಬೇಕು ಅಂತ 1951ರ ಒಪ್ಪಂದವಿದೆ. ಹೆಬ್ಬೆರಳು ಹೋದರೆ ದಾಳಿಯಾ? ಆ ಲೆಕ್ಕ ತೀರ್ಮಾನ ಆಗದ ಹಾಗೆಯೇ ಚೀನಾ ಆಡುತ್ತಿದೆ.

ಬೈತಖೋಲ ಬೋಟಿನವ

ಮೀನು ಹಿಡಿಯದೆ 220 ಬೋಟು? ಅಷ್ಟೂ ಬೋಟಿಗೆ ಡೀಸೆಲ್ ದುಡ್ಡು ಸರ್ಕಾರದ್ದೇ ಅಂತಾಯ್ತು. ಜಗಳ ಮಾಡೋ ಬೋಟುಗಳನ್ನು ಹೊರಗಿಟ್ಟು ಉಳಿದವರಿಗೆ ನಿಯಮ ಬರೆದಿದ್ದಾರೆ. ನಮ್ಮ ಲೈಟ್ ಫಿಶಿಂಗ್ ನಿಷೇಧದ ಥರಾನೇ ಇದೂ, ಕಾಗದದಲ್ಲಿದೆ, ರಾತ್ರಿ ಕಡಲಿಗೆ ಬಂದು ನೋಡಿ ಎಷ್ಟು ಲೈಟ್ ಉರೀತಿರುತ್ತೆ ಅಂತ.